ಹೊಯ್ ಸಳ, ಆದರೆ ಮೊದಲು ಅಪ್ಪನ ಸಹಿ ತಾ

ಹಾಸನದ ಬಿ.ಎಂ. ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ, ಮೊಬೈಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ, ಹಚ್ಚೆ ಹಾಕುವ ಅಂಗಡಿಯೊಂದಿದೆ. ಮೆಟ್ಟಿಲಿನ ತಿರುವಿನಲ್ಲಿ ಒಂದು ಬೋರ್ಡು: '18 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ ಕಡ್ಡಾಯ'. ಅದರ ಕೆಳಗೆ ಇನ್ನೊಂದು: 'ಚಪ್ಪಲಿ ಹೊರಗೆ ಬಿಡಿ'. ಎರಡನೆಯದನ್ನು ನಿಂತ ನಿಲುವಿನಲ್ಲೇ ಪಾಲಿಸಿದೆವು. ಮೊದಲನೆಯದಕ್ಕಾಗಿ ಮೂರು ಸಲ ಮೆಟ್ಟಿಲು ಹತ್ತಬೇಕಾಯಿತು.

ಹತ್ತಿಸಿದವನು ನನ್ನ ತಮ್ಮನ ಮಗ. ತಮ್ಮ, ಅವನ ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ದುಡಿಯುತ್ತಾರೆ. ಹುಡುಗ ನಮ್ಮ ಮನೆಯಲ್ಲಿದ್ದುಕೊಂಡು ದ್ವಿತೀಯ ಪಿಯುಸಿ ಓದುತ್ತಾನೆ, ಅಂದರೆ ಓದುತ್ತಿದ್ದಾನೆ ಎಂದು ಮನೆಮಂದಿಯೆಲ್ಲ ನಂಬಿದ್ದೇವೆ. ಕಾಲೇಜಿನವರ ಜೊತೆ ಬೇಲೂರಿಗೆ ಹೋಗಿ ಬಂದವನಿಗೆ ಮುಂಗೈ ಮೇಲೆ ಹೊಯ್ಸಳ ಲಾಂಛನ ಬೇಕೆನಿಸಿತು. ವಯಸ್ಸು 17 ವರ್ಷ 9 ತಿಂಗಳು. ಇನ್ನು ಮೂರು ತಿಂಗಳು ಕಾಯಬಾರದೇ ಎಂದು ಕೇಳಿದೆ. "ಅಷ್ಟರಲ್ಲಿ ಪರೀಕ್ಷೆ ಬಂದುಬಿಡುತ್ತದೆ ದೊಡ್ಡಪ್ಪ" ಎಂದ. ಪರೀಕ್ಷೆಯೊಂದಿದೆ ಎಂಬುದು ಅವನಿಗೆ ನೆನಪಿದೆಯಲ್ಲ ಎಂಬ ಸಂತೋಷದಲ್ಲಿ ನಾನು ಒಪ್ಪಿಬಿಟ್ಟೆ.

ಸೊಸೆವೂರಿನಲ್ಲಿ, ಅಂದರೆ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಹುಲಿಯೋ ಸಿಂಹವೋ ಮೇಲೆ ಬೀಳಲು ಬಂದಾಗ ಸುದತ್ತ ಮುನಿ "ಹೊಯ್ ಸಳ" ಎಂದು ಕೂಗಿದನಂತೆ. ನಿನಗೆ ವಯಸ್ಸೆಷ್ಟು, ನಿನ್ನಪ್ಪ ಎಲ್ಲಿ, ಒಪ್ಪಿಗೆ ಪತ್ರ ತಂದಿದ್ದೀಯಾ ಎಂದು ಮುನಿ ವಿಚಾರಿಸುತ್ತ ಕುಳಿತಿದ್ದರೆ ಬೇಲೂರೂ ಇರುತ್ತಿರಲಿಲ್ಲ, ಹಳೇಬೀಡೂ ಇರುತ್ತಿರಲಿಲ್ಲ. ಆ ಮೃಗದ ಸಂತತಿಯೇ ದೋರಸಮುದ್ರವನ್ನು ಆಳುತ್ತಿತ್ತು. ಅಂದು ಮೃಗವನ್ನು ಹೊಯ್ಯುವುದಕ್ಕೆ ಎದೆಗಾರಿಕೆ ಸಾಕಿತ್ತು. ಇಂದು ಅದರ ಹಚ್ಚೆ ಹೊಯ್ಯುವುದಕ್ಕೂ ಆಧಾರ್ ಕಾರ್ಡಿನ ಎರಡು ಜೆರಾಕ್ಸ್ ಬೇಕು.

ಮೊದಲ ಸಲ ನಾನೇ ಸಹಿ ಹಾಕಲು ಪೆನ್ನು ತೆಗೆದೆ. ಕೌಂಟರಿನಲ್ಲಿದ್ದವನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಆದರೆ ಕುತ್ತಿಗೆಯಿಂದ ಮಣಿಕಟ್ಟಿನವರೆಗೆ ಬರಿ ಚರ್ಮವೂ ಕಾಣುತ್ತಿರಲಿಲ್ಲ. "ದೊಡ್ಡಪ್ಪ ಪೋಷಕರಲ್ಲ ಸಾರ್" ಎಂದ. ಎರಡು ವರ್ಷದಿಂದ ಇವನಿಗೆ ಫೀಸು, ಊಟ, ಬೈಗುಳ ಮೂರನ್ನೂ ಹೊತ್ತುಹೊತ್ತಿಗೆ ಒದಗಿಸುತ್ತಿರುವವನು ನಾನು ಎಂದೆ. ರೇಷನ್ ಕಾರ್ಡಿನಲ್ಲಿ ಇಬ್ಬರ ಹೆಸರೂ ಒಟ್ಟಿಗಿದೆಯೇ ಎಂದು ಕೇಳಿದ. ಇರಲಿಲ್ಲ. ಹುಡುಗನ ಹೆಸರು ನಮ್ಮ ಅಮ್ಮನ ಕಾರ್ಡಿನಲ್ಲಿದೆ. "ಹಾಗಾದರೆ ಅಜ್ಜಿ ಪೋಷಕರಾಗುತ್ತಾರೆ" ಎಂದು ತೀರ್ಪು ಕೊಟ್ಟ. ರೇಷನ್ ಕಾರ್ಡಿನಿಂದ ಅಕ್ಕಿ ಮಾತ್ರವಲ್ಲ, ಸಿಂಹವೂ ಸಿಗುತ್ತದೆ ಎಂದು ನನಗೆ ಗೊತ್ತಾದದ್ದು ಅಂದೇ.

ಒಪ್ಪಿಗೆ ಪತ್ರವನ್ನು ಮನೆಗೆ ತಂದು ಓದಿದೆ. ಇಂಗ್ಲಿಷಿನಲ್ಲಿತ್ತು. ಯಾವ ಸ್ಟೇಟ್, ಯಾವ ಕೌಂಟಿ ಎಂದು ಎರಡು ಖಾಲಿ ಗೆರೆಗಳು, ಕೆಳಗೆ ನೋಟರಿಯ ಮೊಹರಿಗೆ ಒಂದು ಚೌಕ. ಅಮೆರಿಕದ ಯಾವುದೋ ಊರಿನ ಹಚ್ಚೆ ಅಂಗಡಿಯ ಪತ್ರ ಸಮುದ್ರ ದಾಟಿ, ಶಿರಾಡಿ ಘಾಟಿ ಹತ್ತಿ, ಹಾಸನ ಸೇರಿತ್ತು. ಕೌಂಟಿ ಎಂಬಲ್ಲಿ 'ಸಾಲಗಾಮೆ ಹೋಬಳಿ' ಎಂದು ಬರೆದೆ. ಯಾರೂ ಆಕ್ಷೇಪಿಸಲಿಲ್ಲ.

ಪತ್ರ ಅಲ್ಲಿಂದ ಬರಲು ಕಾರಣವಿದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಅಪ್ಪ ಅಮ್ಮ ಒಪ್ಪಿದರೆ ಅಪ್ರಾಪ್ತರಿಗೂ ಹಚ್ಚೆ ಹಾಕಬಹುದು, ನ್ಯೂಯಾರ್ಕಿನಲ್ಲಿ ಒಪ್ಪಿದರೂ ಹಾಕುವಂತಿಲ್ಲ. ಬ್ರಿಟನ್ನಿನಲ್ಲಿ 1969ರಲ್ಲೇ ಇದಕ್ಕೆಂದು ಕಾಯ್ದೆ ಬಂತು: 18 ತುಂಬಿರಲೇಬೇಕು, ಅಪ್ಪನಲ್ಲ, ಅಪ್ಪನ ಅಪ್ಪ ಬಂದು ಸಹಿ ಹಾಕಿದರೂ ಆಗದು. ನಮ್ಮಲ್ಲಿ ಬೀಡಿ ಸಿಗರೇಟಿಗೆ ವಯಸ್ಸಿದೆ (ಕರ್ನಾಟಕದಲ್ಲಿ ಅದನ್ನು 21ಕ್ಕೆ ಏರಿಸಿದ್ದಾರೆ), ಮತದಾನಕ್ಕೆ, ಮದುವೆಗೆ, ಸ್ಕೂಟರಿಗೆ ವಯಸ್ಸಿದೆ. ಹಚ್ಚೆಗೆಂದು ವಯಸ್ಸು ಹೇಳುವ ಕೇಂದ್ರ ಕಾಯ್ದೆ ಮಾತ್ರ ಇಲ್ಲ. ಸರ್ಕಾರ ಮಾಡದಿದ್ದ ಮೇಲೆ ಅಂಗಡಿಯವನು ಕಾನೂನನ್ನು ತಾನೇ ಡೌನ್‌ಲೋಡ್ ಮಾಡಿಕೊಂಡಿದ್ದಾನೆ. ಅವನದೇನು ತಪ್ಪು?

ಕೋರ್ಟಿನ ಎದುರಿನ ಹೋಟೆಲಿನಲ್ಲಿ ಸಿಕ್ಕ ವಕೀಲ ಮಿತ್ರರಿಗೆ ಪತ್ರ ತೋರಿಸಿದೆ. ಅವರು ಕಾಫಿ ಆರುವವರೆಗೂ ನಕ್ಕರು. ಆಮೇಲೆ ಹೇಳಿದ್ದು ಇಷ್ಟು. 1872ರ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತನಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯೇ ಇಲ್ಲ, ಮಾಡಿಕೊಂಡರೆ ಅದು ಹುಟ್ಟಿನಿಂದಲೇ ಸತ್ತಂತೆ ಎಂದು ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠ ಪ್ರಿವಿ ಕೌನ್ಸಿಲ್ 1903ರಲ್ಲೇ ಹೇಳಿಯಾಗಿದೆ. ಹಾಗಾಗಿ ಹುಡುಗನ ಸಹಿಗೆ ಬೆಲೆಯಿಲ್ಲ. ಇನ್ನು ನೋವು ಮಾಡುವ ವಿಚಾರ. ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಮಿನಂತೆ ಸಣ್ಣಪುಟ್ಟ ಗಾಯಕ್ಕೆ ಸ್ವತಃ ಒಪ್ಪಿಗೆ ಕೊಡಬೇಕಾದರೆ 18 ದಾಟಿರಬೇಕು. 27ನೇ ಕಲಮಿನಂತೆ ಪೋಷಕರು ಒಪ್ಪಿಗೆ ಕೊಡಬಹುದು, ಆದರೆ ಅದು 12 ವರ್ಷದೊಳಗಿನ ಮಗುವಿಗೆ ಅಥವಾ ಬುದ್ಧಿ ಸ್ಥಿಮಿತ ಇಲ್ಲದವರಿಗೆ, ಅದೂ ಅವರ ಹಿತಕ್ಕಾಗಿ.

"ನಮ್ಮವನಿಗೆ ಹದಿನೇಳು" ಎಂದೆ.

"ಹಾಗಾದರೆ ಈ ಎರಡು ಕಲಮುಗಳ ನಡುವಿನ ಸಂದಿಯಲ್ಲಿ ನಿಂತಿದ್ದಾನೆ" ಎಂದರು. "ಪರೀಕ್ಷೆಗೆ ಮೂರು ತಿಂಗಳಿರುವಾಗ ಹಚ್ಚೆ ಬೇಕೆನ್ನುವವನನ್ನು ಇನ್ನೊಂದು ವರ್ಗಕ್ಕೆ ಸೇರಿಸಬಹುದೇನೋ, ನೋಡೋಣ."

ಇಷ್ಟೆಲ್ಲ ವರ್ಷ ಎಣಿಸುತ್ತೇವಲ್ಲ, ಈ ವರ್ಷಗಳನ್ನು ನಮ್ಮ ಮನೆಯಲ್ಲಿ ಎಣಿಸಿದವರು ಯಾರು ಎಂಬುದನ್ನೂ ಹೇಳಬೇಕು. ನಾನು ಹುಟ್ಟಿದ್ದು ಜೂನ್ 1. ನನ್ನ ತಮ್ಮ ಹುಟ್ಟಿದ್ದೂ ಜೂನ್ 1. ನನ್ನ ತರಗತಿಯ ಅರ್ಧ ಮಕ್ಕಳು ಹುಟ್ಟಿದ್ದು ಜೂನ್ 1. ನಮ್ಮೂರಿನ ಹೆಂಗಸರೆಲ್ಲ ಮುಂಗಾರಿನ ಬಿತ್ತನೆ ಬಿಟ್ಟು ಅದೇ ದಿನ ಹೆರಿಗೆಗೆ ಕುಳಿತಿದ್ದರು ಎಂದಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟರು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಬಲಗೈಯಿಂದ ನೆತ್ತಿ ಬಳಸಿ ಎಡಗಿವಿ ಮುಟ್ಟಿಸಿ, ಮುಟ್ಟಿದವನನ್ನು ಜೂನ್ 1ಕ್ಕೆ ಹುಟ್ಟಿಸಿಬಿಡುತ್ತಿದ್ದರು. ನಮ್ಮ ಅಮ್ಮನ ಕಥೆ ಇನ್ನೂ ಸರಳ. ಅವಳಿಗೆ ಗೊತ್ತಿರುವುದು ತಾನು ಹುಟ್ಟಿದ್ದು ಮಾರ್ನಮಿಯ ಹಿಂದುಮುಂದು ಎಂದಷ್ಟೇ. ಆಧಾರ್ ಮಾಡಿಸುವ ದಿನ ಕಂಪ್ಯೂಟರಿನ ಹುಡುಗ ಅವಳನ್ನು ಜನವರಿ 1ಕ್ಕೆ ಹುಟ್ಟಿಸಿದ. ಹೀಗೆ ಮೇಷ್ಟರು ಹುಟ್ಟಿಸಿದವನ ಮಗನಿಗೆ ಕಂಪ್ಯೂಟರ್ ಹುಟ್ಟಿಸಿದವಳು ಒಪ್ಪಿಗೆ ಕೊಡಬೇಕು. ಮೂರು ತಲೆಮಾರಿನಲ್ಲಿ ನಿಜವಾದ ತಾರೀಖಿನಂದು ಹುಟ್ಟಿದವನು ಈ ಹುಡುಗ ಒಬ್ಬನೇ, ತಡೆದು ನಿಲ್ಲಿಸಿರುವುದೂ ಅವನೊಬ್ಬನನ್ನೇ.

ಅಮ್ಮನ ಎಡಗೈಯನ್ನು ನೀವು ನೋಡಬೇಕು. ಮೊಣಕೈಯಿಂದ ಕೆಳಗೆ ತುಳಸಿಕಟ್ಟೆ, ಅದರ ಪಕ್ಕ ಒಂದು ಚೇಳು, ಮಣಿಕಟ್ಟಿನ ಸುತ್ತ ಚುಕ್ಕಿಗಳ ಬಳೆ. ಹಸಿರು ಈಗ ಮಾಸಿ, ಸುಕ್ಕಿನೊಳಗೆ ಚೇಳಿನ ಕೊಂಡಿ ಮಡಚಿಕೊಂಡಿದೆ. ಎಂಟೋ ಒಂಬತ್ತೋ ವರ್ಷದವಳಿದ್ದಾಗ ಹಚ್ಚೆ ಹುಯ್ಯುವವಳು ಜಗುಲಿಗೆ ಬಂದಳಂತೆ. ಇಬ್ಬರು ಚಿಕ್ಕಮ್ಮಂದಿರು ತೋಳು ಹಿಡಿದರು, ಸೋದರತ್ತೆ ಕಾಲ ಮೇಲೆ ಕುಳಿತಳು. ದೀಪದ ಕಪ್ಪಿಗೆ ಸೊಪ್ಪಿನ ರಸ ಕಲಸಿ, ಒಟ್ಟಿಗೆ ಕಟ್ಟಿದ ಸೂಜಿಗಳಿಂದ ಚುಚ್ಚುತ್ತ, ಅಳು ಕೇಳಿಸದ ಹಾಗೆ ಹುಯ್ಯುವವಳು ಪದ ಹೇಳುತ್ತಿದ್ದಳು. ಕೂಲಿ ಒಂದು ಸೇರು ರಾಗಿ, ಮೇಲೆ ಎಲೆ ಅಡಿಕೆ. ಸತ್ತ ಮೇಲೆ ಜೊತೆಗೆ ಬರುವುದು ಹಚ್ಚೆಯೊಂದೇ, ಒಡವೆಯೆಲ್ಲ ಸೊಸೆಯಂದಿರಿಗೆ ಎಂದು ಸಮಾಧಾನವನ್ನೂ ಹೇಳಿ ಹೋದಳಂತೆ.

"ನಿನ್ನನ್ನು ಯಾರಾದರೂ ಕೇಳಿದರೇನಮ್ಮ?" ಎಂದೆ.

"ಕೇಳುವ ಹಾಗಿದ್ದರೆ ಮೂವರು ಯಾಕೆ ಹಿಡಿದುಕೊಳ್ಳುತ್ತಿದ್ದರು?" ಎಂದಳು.

ಹಳೆಯದೆಲ್ಲ ಚಿನ್ನ ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಬೇಲೂರು ತೇರಿನ ಜಾತ್ರೆಯಲ್ಲಿ ಬ್ಯಾಟರಿಗೆ ಸಿಕ್ಕಿಸಿದ ಹಚ್ಚೆ ಯಂತ್ರವನ್ನು ಕಂಡಿದ್ದೇನೆ. ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ, ಅದರಲ್ಲಿ ಓಂ, ನವಿಲು, ಬಾಣ ನೆಟ್ಟ ಹೃದಯ. ಮುಂದೆ ಬಾಟಲಿಯ ಮುಚ್ಚಳದಷ್ಟು ಶಾಯಿ. ಅಪ್ಪನ ಕೈಗೆ ಚುಚ್ಚಿದ ಸೂಜಿಯೇ ಮಗನಿಗೆ, ಮಗನದ್ದು ಮುಂದಿನವನಿಗೆ. ಅಲ್ಲಿ ವಯಸ್ಸು ಕೇಳುವವರಿಲ್ಲ, ಚೌಕಾಸಿ ಮಾಡಿದರೆ ಹತ್ತು ರೂಪಾಯಿ ಕಡಿಮೆಯೂ ಆಗುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಸ್ಸಿಗಂತೂ ಯಾರ ಒಪ್ಪಿಗೆ ಪತ್ರವೂ ಬೇಕಿಲ್ಲ. ಹಚ್ಚೆ ಹಾಕಿಸಿಕೊಂಡವರಿಂದ ರಕ್ತನಿಧಿಯವರು ತಿಂಗಳುಗಟ್ಟಲೆ ರಕ್ತ ತೆಗೆದುಕೊಳ್ಳುವುದಿಲ್ಲ. ಅಪ್ಪನ ಸಹಿ ಇದೆ ಎಂದು ತೋರಿಸಿದರೂ ತೆಗೆದುಕೊಳ್ಳುವುದಿಲ್ಲ. ಅವರಿಗೆ ಸಂಶಯವಿರುವುದು ಸೂಜಿಯ ಮೇಲೆ.

ಶಾಯಿಯ ಕಥೆಯೂ ಅಷ್ಟೇ. 2025ರಲ್ಲಿ ರಾಜ್ಯ ಆರೋಗ್ಯ ಇಲಾಖೆ ಹಚ್ಚೆಯ ಶಾಯಿಯನ್ನು ಪರೀಕ್ಷಿಸಿದಾಗ 22 ಬಗೆಯ ಲೋಹಗಳು ಸಿಕ್ಕವು. ನಮ್ಮ ಪೇಟೆಯ ಪಾತ್ರೆ ಅಂಗಡಿಯಲ್ಲೂ ಅಷ್ಟು ಬಗೆ ಸಿಗುವುದಿಲ್ಲ. ಇದಕ್ಕೆ ನಿಯಮ ಬೇಕೆಂದು ರಾಜ್ಯ ಕೇಂದ್ರದ ಕಡೆ ಬೆರಳು ತೋರಿಸಿತು. ಬೆರಳಿಗೆ ಶಾಯಿ ಹಚ್ಚಿ ಅಭ್ಯಾಸವಿರುವ ದೇಶ ನಮ್ಮದು, ಶಾಯಿಯೊಳಗೆ ಏನಿದೆ ಎಂದು ನೋಡುವ ಅಭ್ಯಾಸ ಇನ್ನೂ ಆಗಬೇಕಷ್ಟೆ.

ಮೂರನೆಯ ಸಲ ಅಮ್ಮನನ್ನು ಕರೆದುಕೊಂಡು ಹೋದೆವು. ಇಪ್ಪತ್ತೆರಡು ಮೆಟ್ಟಿಲು, ನಡುವೆ ಎರಡು ಕಡೆ ಕುಳಿತಳು. ಕೌಂಟರಿನ ಹುಡುಗ ಅವಳ ಆಧಾರ್ ನೋಡಿದ, ರೇಷನ್ ಕಾರ್ಡ್ ನೋಡಿದ, ಮೊಮ್ಮಗನ ಜನನ ಪತ್ರ ನೋಡಿದ, ಮೂರನ್ನೂ ಮೊಬೈಲಿನಲ್ಲಿ ಫೋಟೊ ತೆಗೆದ. ಪೋಷಕರಿಗೆ ಹಚ್ಚೆಯ ಪರಿಣಾಮಗಳ ಅರಿವಿದೆ ಎಂಬ ಸಾಲನ್ನು ಗಟ್ಟಿಯಾಗಿ ಓದಿ, "ಅರಿವಿದೆಯಾ ಅಜ್ಜಿ?" ಎಂದು ಕೇಳಿದ. ಅಮ್ಮ ಸೆರಗು ಸರಿಸಿ ಚೇಳನ್ನು ತೋರಿಸಿದಳು. "ಇದಕ್ಕೆ ಮೇಲಿನಿಂದ ಹೊಸ ಡಿಸೈನ್ ಹಾಕಿ ಮುಚ್ಚಬಹುದು, ರಿಯಾಯಿತಿ ಇದೆ" ಎಂದ.

ನಾನು ಸೂಜಿ ಹೊಸದೇ ಎಂದು ಕೇಳಿದೆ. ಅವನು ಒಪ್ಪಿಗೆ ಪತ್ರವನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿ ನೋಡಿದ.

"ಆ ಕಾಲಂ ಇದರಲ್ಲಿ ಇಲ್ಲ ಸಾರ್."

ಅಮ್ಮನ ಹೆಬ್ಬೆಟ್ಟನ್ನು ಪ್ಯಾಡಿಗೆ ಒತ್ತಿಸಿ, ಸಾಲಗಾಮೆ ಕೌಂಟಿಯ ಕೆಳಗೆ ಚೊಕ್ಕವಾಗಿ ಗುರುತು ಮೂಡಿಸಿ, ಬೆರಳು ಒರೆಸಿಕೊಳ್ಳಿ ಎಂದು ಪಕ್ಕದ ಕುರ್ಚಿಯ ಕೈಮೇಲಿದ್ದ ಬಟ್ಟೆಯನ್ನು ಕೊಟ್ಟ. ಅದರಲ್ಲಿ ಆಗಲೇ ಕಪ್ಪು ಇತ್ತು, ಹಸಿರು ಇತ್ತು, ಶಾಯಿಯದ್ದಲ್ಲದ ಒಂದು ಕೆಂಪೂ ಇತ್ತು. ಅಮ್ಮ ಬಟ್ಟೆಯನ್ನೊಮ್ಮೆ, ಮೊಮ್ಮಗನ ಮುಂಗೈಯನ್ನೊಮ್ಮೆ ನೋಡಿದಳು. ಹೆಬ್ಬೆಟ್ಟನ್ನು ತನ್ನ ಸೆರಗಿಗೇ ಒರೆಸಿಕೊಂಡು, ಒಪ್ಪಿಗೆ ಪತ್ರವನ್ನು ನಾಲ್ಕಾಗಿ ಮಡಚಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡು, ಮೆಟ್ಟಿಲ ಕಡೆ ನಡೆದಳು.