ಹಳೇ ಕುತ್ತಿಗೆಗೆ ಹೊಸ ತಲೆ

ಸೋದರಮಾವ ಕೊಟ್ಟ ಹಳೇ ಗೇರ್ ಸೈಕಲ್ ಒಂದಿದೆ. ಗಟ್ಟಿ ಸ್ಟೀಲ್. ಆದರೆ ಹ್ಯಾಂಡಲ್ ತೀರಾ ಕೆಳಗೆ. ನಾಲ್ಕು ಕಿಲೋಮೀಟರ್ ತುಳಿದರೆ ಸೊಂಟ ಹಿಡಿದುಕೊಂಡು, ಮನೆಗೆ ಬಂದ ಮೇಲೂ ಯಾರ ಕಾಲಿಗೋ ಬೀಳಲು ಹೊರಟವನ ಹಾಗೆ ಓಡಾಡುತ್ತಿದ್ದೆ. ಸರಿ, ಮೇಲಕ್ಕೆ ಬಾಗಿದ ಹೊಸ ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ಕುತ್ತಿಗೆ) ತರಿಸಿದೆ. 'ನಾಲ್ಕು ಸ್ಕ್ರೂ, ಅರ್ಧ ಗಂಟೆ ಕೆಲಸ' ಅಂತ ಹೆಂಡತಿಗೆ ಹೇಳಿಯೂ ಬಿಟ್ಟೆ. ಹೇಳಬಾರದಿತ್ತು.

ಹೊಸ ಸ್ಟೆಮ್ಮು ಬಳೆ ಥರ, ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವೆಯ) ಕೊಳವೆಯನ್ನು ಹೊರಗಿನಿಂದ ಹಿಡಿಯುತ್ತದೆ. ನನ್ನದು ಥ್ರೆಡ್ ಇರುವ ಫೋರ್ಕು. ಕೊಳವೆ ಮೇಲಿನ ನಟ್ಟಿಗೇ ಮುಗಿಯುತ್ತದೆ, ಹಳೇ ಸ್ಟೆಮ್ಮು ಅದರೊಳಗೆ ಇಳಿದು ಬುಡದ ಬೆಣೆಯಿಂದ ಬಿಗಿಯಾಗಿ ಕೂರುತ್ತದೆ. ಬಳೆ ಇದೆ, ಕೈಯೇ ಇಲ್ಲ! ಇವೆರಡನ್ನೂ ಜೋಡಿಸಲು ಅಡಾಪ್ಟರ್ ಬೇಕಂತೆ. ಕೆಳಗೆ 22.2 ಮಿ.ಮೀ., ಮೇಲೆ 28.6. ಅದೂ ಬಂತು.

ಈಗ ಹಳೇ ಸ್ಟೆಮ್ ಕೀಳಬೇಕಲ್ಲ. ಮೇಲಿನ ಬೋಲ್ಟನ್ನು ಪೂರ್ತಿ ಬಿಚ್ಚಿ ಎಳೆದೆ. ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಒತ್ತಿ ತಿರುಚಿದೆ, ಕೊಬ್ಬರಿ ಎಣ್ಣೆ ಬಿಟ್ಟೆ (ನಗಬೇಡಿ, ಕೈಗೆ ಸಿಕ್ಕಿದ್ದು ಅದೇ), ಕೊನೆಗೆ ಸೈಕಲ್ ಜೊತೆ ನಾನೂ ಅಂಗಳದಲ್ಲಿ ಬಿದ್ದೆ. 'ರೀ, ಅರ್ಧ ಗಂಟೆ ಆಯ್ತು' ಅಂತ ಒಳಗಿನಿಂದ ದನಿ ಬಂತು.

ಸೈಕಲ್ ಶಾಪಿನ ಅಜ್ಜ ನೋಡಿ ನಕ್ಕರು. 'ಬೋಲ್ಟ್ ಪೂರ್ತಿ ಯಾಕೆ ಬಿಚ್ಚಿದ್ರಿ ಸಾರ್?' ಬೋಲ್ಟನ್ನು ಮತ್ತೆ ಹಾಕಿ, ಎರಡು ಸುತ್ತು ಮಾತ್ರ ಸಡಿಲಿಸಿ, ತಲೆ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದೇ ಏಟು. ಟಕ್! ಬೆಣೆ ಬಿಟ್ಟುಕೊಂಡಿತು. ನನ್ನ ಅರ್ಧ ದಿನ, ಅವರ ಅರ್ಧ ನಿಮಿಷ.

ಮನೆಗೆ ಬಂದು ಅಡಾಪ್ಟರಿಗೆ ಗ್ರೀಸ್ ಸವರಿ ಇಳಿಸಿದೆ. ಅದರ ಮೇಲೊಂದು ಗೆರೆ ಇರುತ್ತೆ, ಅದು ಕೊಳವೆಯೊಳಗೆ ಮುಳುಗಲೇಬೇಕು. ಹ್ಯಾಂಡಲ್ ಇನ್ನಷ್ಟು ಎತ್ತರಕ್ಕೆ ಬರಲಿ ಅಂತ ಆಸೆಯಿತ್ತು, ಮುಂದಿನ ಹಲ್ಲುಗಳ ಮೇಲೂ ಆಸೆಯಿತ್ತು, ಮುಳುಗಿಸಿದೆ. ಸ್ಟೆಮ್ ಕೂತಿತು. ಹ್ಯಾಂಡಲ್ ಇಟ್ಟರೆ ಗಲಗಲ! ಸ್ಟೆಮ್ಮಿನ ಬಾಯಿ 31.8, ನನ್ನ ಹ್ಯಾಂಡಲ್ 25.4. ಕೂಲ್‌ಡ್ರಿಂಕ್ಸ್ ಡಬ್ಬಿ ಕತ್ತರಿಸಿ ಸುತ್ತು ಅಂದ ಗೆಳೆಯ. ತುಂಬಬೇಕಿದ್ದದ್ದು ಸುತ್ತಲೂ 3.2 ಮಿ.ಮೀ., ಡಬ್ಬಿಯ ತಗಡು ಕಾಗದದಷ್ಟು ತೆಳು. ಅಷ್ಟು ಕೂಲ್‌ಡ್ರಿಂಕ್ಸ್ ಕುಡಿದರೆ ಸೊಂಟದ ಜೊತೆ ಸಕ್ಕರೆಯನ್ನೂ ನೋಡಿಕೊಳ್ಳಬೇಕಾಗುತ್ತೆ. ಸುಮ್ನೆ ಅಳತೆಯ ಶಿಮ್ (ಸಂದು ತುಂಬುವ ಬಳೆ) ತರಿಸಿದೆ.

ಈಗ ಹ್ಯಾಂಡಲ್ ಎತ್ತರದಲ್ಲಿದೆ, ಸೊಂಟ ನೆಟ್ಟಗಿದೆ. ಆದರೆ ಹ್ಯಾಂಡಲ್ ಮೇಲೆ ಹೋಯಿತು, ಬ್ರೇಕ್ ಕೇಬಲ್ ಹಳೇ ಉದ್ದದಲ್ಲೇ ಉಳಿಯಿತು. ಪೂರ್ತಿ ಬಲಕ್ಕೆ ತಿರುಗಿಸಿದರೆ ಹಿಂದಿನ ಬ್ರೇಕ್ ತಾನೇ ಹಿಡಿದುಬಿಡುತ್ತದೆ. ಹೊಸ ಕೇಬಲ್ ಬರೋದು ಗುರುವಾರ. ಅಲ್ಲಿಯವರೆಗೆ ಹಾಲಿನಂಗಡಿಗೆ ಎಡ ತಿರುವುಗಳ ದಾರಿಯಲ್ಲೇ ಹೋಗುತ್ತಿದ್ದೇನೆ, ಹಾಲು ಬರೋದು ಸ್ವಲ್ಪ ತಡ ಆಗುತ್ತೆ ಅಂತ ಹೆಂಡತಿಗೆ ಹೇಳಿದ್ದೇನೆ. ಎಷ್ಟು ತಡ ಅಂತ ಮಾತ್ರ ಹೇಳಿಲ್ಲ.