ಷಡ್ಡಕರ ಕಾರು ಮತ್ತು ‘ಬರ್ಲಿ ಬರ್ಲಿ’

ಗುದ್ದಿದ ಶಬ್ದ ಮರೆತುಹೋಗಿದೆ. ಅದರ ಬೆನ್ನಿಗೇ ಬಂದ ಮಾತು ಮಾತ್ರ ಇವತ್ತಿಗೂ ಕಿವಿಯಲ್ಲಿದೆ. ‘ಹಾಂ, ಸಾಕು ಸಾರ್.’

ಕಾರು ನನ್ನದಲ್ಲ, ಷಡ್ಡಕರದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೇದು. ಸ್ನೇಹಿತನ ಕಾರಾಗಿದ್ದರೆ ನಾಲ್ಕು ಬೈಗುಳ ತಿಂದು ಮುಗಿಸಬಹುದಿತ್ತು. ಅಣ್ಣನ ಕಾರಾಗಿದ್ದರೆ ಅಮ್ಮ ನಡುವೆ ಬರುತ್ತಿದ್ದಳು. ಷಡ್ಡಕ ಅಂದರೆ ಹಾಗಲ್ಲ. ಒಬ್ಬನೇ ಮಾವನ ಇಬ್ಬರು ಅಳಿಯಂದಿರ ನಡುವೆ ಯಾರ ಕಣ್ಣಿಗೂ ಕಾಣದ ಒಂದು ಮಾರ್ಕ್ಸ್ ಕಾರ್ಡ್ ಇರುತ್ತದೆ. ನಮ್ಮಲ್ಲಿ ಅದು ಇಪ್ಪತ್ತು ವರ್ಷದಿಂದ ಚಾಲ್ತಿಯಲ್ಲಿದೆ. ಅವರು ಹೈಸ್ಕೂಲಿನ ಗಣಿತ ಮೇಷ್ಟ್ರಾಗಿದ್ದು ರಿಟೈರ್ ಆದವರು ಬೇರೆ. ಮಾರ್ಕ್ಸ್ ಕೊಡುವ ವಿಷಯದಲ್ಲಿ ಅವರಿಗೆ ಒಂದು ಅಭ್ಯಾಸವೇ ಇದೆ.

ತಿಪಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನಾಮಕರಣ. ಹಿಂದಿನ ರಾತ್ರಿಯೇ ನಮ್ಮ ಕಾರಿನ ಬ್ಯಾಟರಿ ಮಲಗಿತು. ಷಡ್ಡಕರಿಗೆ ಮಂಡಿ ನೋವು, ಅವರು ಬರುತ್ತಿರಲಿಲ್ಲ. ‘ನಮ್ಮದನ್ನೇ ತಗೊಂಡು ಹೋಗಿ’ ಅಂದರು. ಅನ್ನಬೇಕಾಗಿದ್ದರಿಂದ ಅಂದರು ಅಂತ ನನಗೂ ಗೊತ್ತಿತ್ತು. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಕೀ ಕೊಡುವಾಗ ಅವರ ಮುಖ ನೋಡಬೇಕಿತ್ತು. ಎರಡೆರಡು ಕನ್ಯಾದಾನ ಮಾಡಿದ ನಮ್ಮ ಮಾವನೇ ಅಷ್ಟು ಕಣ್ಣು ತುಂಬಿಕೊಂಡಿರಲಿಲ್ಲ.

ಬೆಂಗಳೂರಿನಿಂದ ಹೊರಟು ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್ ಎಲ್ಲ ದಾಟಿದ್ದಾಯಿತು. ಲಾರಿ, ಬಸ್ಸು, ಮೇಕೆ ಹಿಂಡು, ಬಣ್ಣವಿಲ್ಲದ ಹಂಪು, ಯಾವುದಕ್ಕೂ ಒಂದು ಗೀರು ಬೀಳಲಿಲ್ಲ. ಅನಾಹುತ ಆಗಿದ್ದು ಊಟ ಮುಗಿಸಿ ಕಾರು ಹಿಂದಕ್ಕೆ ತೆಗೆಯುವ ಕೊನೆಯ ಹತ್ತು ಅಡಿಯಲ್ಲಿ.

ನಮ್ಮ ಕಡೆ ಯಾರಾದರೂ ರಿವರ್ಸ್ ಹಾಕಿದರೆ ಸಾಕು, ಎಲ್ಲಿಂದಲೋ ಒಬ್ಬ ಪ್ರತ್ಯಕ್ಷನಾಗುತ್ತಾನೆ. ಅವನಿಗೆ ಯಾರೂ ಹೇಳಿರುವುದಿಲ್ಲ, ಸಂಬಳ ಇಲ್ಲ, ಸ್ವಂತ ಕಾರಂತೂ ಇರುವುದೇ ಇಲ್ಲ. ಆದರೆ ಕಾರಿನ ಬೆನ್ನ ಮೇಲೆ ಎರಡು ಸಲ ತಟ್ಟಿ ಅಧಿಕಾರ ವಹಿಸಿಕೊಳ್ಳುತ್ತಾನೆ. ಅವತ್ತು ಬಂದವನು ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ಬಾಯಿ ತುಂಬ ಎಲೆ ಅಡಿಕೆ. ‘ಬರ್ಲಿ... ಬರ್ಲಿ... ಬರ್ಲಿ...’ ಎಲೆ ಅಡಿಕೆಯ ನಡುವಿನಿಂದ ಬರುವ ಆ ‘ಬರ್ಲಿ’ಯಲ್ಲಿ ಎಂಥ ಭರವಸೆ ಇತ್ತು ಅಂತೀರಿ!

ಕಾರಿನಲ್ಲಿ ಹಿಂದಿನದನ್ನು ತೋರಿಸುವ ಕ್ಯಾಮೆರಾ ಇತ್ತು. ಆದರೆ ಆಯುಧಪೂಜೆ ಕಳೆದು ಒಂದು ವಾರವಾಗಿತ್ತಷ್ಟೆ. ಷಡ್ಡಕರ ಮನೆಯಲ್ಲಿ ಪೂಜೆ ಅಂದರೆ ಕೈಗೆ ಸಿಕ್ಕಿದ್ದಕ್ಕೆಲ್ಲ ಅರಿಶಿನ ಕುಂಕುಮ. ಕ್ಯಾಮೆರಾದ ಕಣ್ಣಿಗೂ ಒಂದು ಬೊಟ್ಟು ಬಿದ್ದಿತ್ತು. ಪರದೆಯ ಮೇಲೆ ಕಾಣಿಸುತ್ತಿದ್ದುದು ಒಂದು ಕೆಂಪು ಸೂರ್ಯೋದಯ. ಇನ್ನು ಸೆನ್ಸರ್ ಕೀಂ ಕೀಂ ಅನ್ನುತ್ತಿತ್ತು ನಿಜ. ನಾನು ಸೀಟ್ ಬೆಲ್ಟ್ ಹಾಕಿರಲಿಲ್ಲ, ಅದಕ್ಕೇ ಬಡಕೊಳ್ಳುತ್ತಿದೆ ಅಂದುಕೊಂಡು ಬೆಲ್ಟ್ ಎಳೆಯಲು ಪಕ್ಕಕ್ಕೆ ಬಾಗಿದೆ. ಅದೇ ಹೊತ್ತಿಗೆ ‘ಬರ್ಲಿ’ ನಿಂತು, ಏನೋ ಕುಸಿದ ಸದ್ದಾಗಿ, ಆಮೇಲೆ ಬಂತು: ‘ಹಾಂ, ಸಾಕು ಸಾರ್.’

ಹಿಂದೆ ನಿಂತಿದ್ದು ತೆಂಗಿನಕಾಯಿ ತುಂಬಿದ ಟ್ರಾಕ್ಟರ್ ಟ್ರೈಲರ್. ತಿಪಟೂರು ಸೀಮೆ, ಇನ್ನೇನು ನಿಂತಿರುತ್ತೆ? ಟ್ರೈಲರಿಗೆ ಏನೂ ಆಗಿರಲಿಲ್ಲ. ಅಂಥ ಟ್ರೈಲರಿಗೆ ರೈಲೇ ಬಂದು ಗುದ್ದಬೇಕು. ಕಾರಿನ ಡಿಕ್ಕಿ ಬಾಗಿಲು ಒಳಗೆ ಹೋಗಿತ್ತು. ಗಾಜು ಅಕ್ಕಿ ಹರಡಿದ ಹಾಗೆ ಬಿದ್ದಿತ್ತು, ಬಂಪರ್ ಒಂದು ಕಡೆ ಜೋತಾಡುತ್ತಿತ್ತು.

ಎರಡೇ ನಿಮಿಷದಲ್ಲಿ ನ್ಯಾಯ ಪಂಚಾಯ್ತಿ ಸೇರಿತು. ಟ್ರೈಲರಿಗೆ ರಿಫ್ಲೆಕ್ಟರ್ ಇಲ್ಲ, ಆದ್ದರಿಂದ ತಪ್ಪು ಟ್ರಾಕ್ಟರಿನದೇ ಅಂತ ಒಬ್ಬ ಹುಡುಗ ನನ್ನ ಪರ ವಾದ ಮಾಡಿದ. ಮಧ್ಯಾಹ್ನ ಮೂರು ಗಂಟೆ, ನೆತ್ತಿ ಸುಡುವ ಬಿಸಿಲು. ನನಗೇ ನಾಚಿಕೆಯಾಯಿತು. ಕಟ್ಟೆಯ ಮೇಲಿದ್ದ ಅಜ್ಜ ಒಂದೇ ಮಾತು ಹೇಳಿದರು. ‘ಅದು ಬೆಳಗ್ಗೆಯಿಂದ ಅಲ್ಲೇ ನಿಂತೈತೆ. ಇವ್ರು ಈಗ ಬಂದ್ರು.’ ಇದಕ್ಕೆ ಯಾವ ಲಾಯರ್ ತಾನೆ ಏನು ಹೇಳಿಯಾನು? ಟ್ರಾಕ್ಟರ್ ಯಜಮಾನ ಬಂದು ಟ್ರೈಲರ್ ಸವರಿ ನೋಡಿದ. ಕೆಳಗೆ ಬಿದ್ದ ಕಾಯಿ ಎಣಿಸಿದ. ಏಳು ಬಿದ್ದಿದ್ದವು, ಎರಡು ಒಡೆದಿದ್ದವು. ‘ಬಿಡಿ ಸಾರ್, ಗಾಡಿಗೆ ಈಡುಗಾಯಿ ಒಡೆದಂಗಾಯ್ತು’ ಅಂದ. ಆ ಇಡೀ ದಿನದಲ್ಲಿ ನನ್ನ ಜೊತೆ ದೊಡ್ಡತನದಿಂದ ನಡೆದುಕೊಂಡವನು ಅವನೊಬ್ಬನೇ.

‘ಬರ್ಲಿ’ ಅಂದವನಿಗಾಗಿ ಸುತ್ತ ನೋಡಿದೆ. ಟವೆಲ್ ಕೂಡ ಇರಲಿಲ್ಲ.

ಷಡ್ಡಕರಿಗೆ ಫೋನ್ ಮಾಡಿದೆ. ‘ಯಾರಿಗೂ ಏನೂ ಆಗಿಲ್ಲ ತಾನೆ?’ ಅಂದರು. ಇಲ್ಲ ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ‘ಸರಿ. ಗಾಜು ಗುಡಿಸಿ ಹೊರಡಿ’ ಅಂದು ಇಟ್ಟುಬಿಟ್ಟರು. ಬೈದಿದ್ದರೆ ಎಷ್ಟೋ ಸಮಾಧಾನ ಆಗುತ್ತಿತ್ತು.

ರಾತ್ರಿ ಮಾವನ ಮನೆಯಲ್ಲಿ ಗುಪ್ತ ಸಭೆ. ಕಾರಿನ ಇನ್ಶೂರೆನ್ಸ್ ಷಡ್ಡಕರ ಹೆಸರಿನಲ್ಲಿದೆ, ಓಡಿಸಿದ್ದು ನಾನು. ಹಾಗಾದರೆ ಕ್ಲೇಮ್ ಬರುತ್ತೋ ಇಲ್ಲವೋ? ಮಾವ ತೀರ್ಪು ಕೊಟ್ಟರು. ‘ದೊಡ್ಡ ಅಳಿಯಂದ್ರೇ ಓಡಿಸ್ತಿದ್ರು ಅಂತ ಬರೆದುಬಿಡಿ. ಮಾಲೀಕರೇ ಓಡಿಸಿದ್ರೆ ಯಾರು ಕೇಳ್ತಾರೆ?’ ಅಷ್ಟು ಹೇಳಿದ್ದೇ ತಡ, ಷಡ್ಡಕರು ಕುರ್ಚಿಯಿಂದ ಎದ್ದು ನಿಂತರು. ಮಂಡಿ ನೋವಿನವರು ಅಷ್ಟು ಬೇಗ ಎದ್ದಿದ್ದು ನಾನು ಕಂಡಿದ್ದು ಅದೊಂದೇ ಸಲ. ‘ನಾನು ರಿವರ್ಸ್‌ನಲ್ಲಿ ಗುದ್ದಿದೆ ಅಂತ ಬರೀಬೇಕಾ? ಕ್ಲೇಮೇ ಬೇಡ.’

ನನ್ನ ಚಿಕ್ಕಪ್ಪನ ಮಗ ಲಾಯರು, ಮೋಟಾರು ಕೇಸುಗಳನ್ನೇ ನೋಡುವವನು. ಅವನಿಗೆ ಫೋನ್ ಹಾಕಿದೆವು. ಅವನು ನಕ್ಕ. ಇಲ್ಲಿ ವಿಮೆ ಗಾಡಿಯ ಹಿಂದೆ ಹೋಗುತ್ತದೆ, ಓಡಿಸುವವನ ಹಿಂದೆ ಅಲ್ಲ ಅಂದ. ಪಾಲಿಸಿ ತೆಗೆದು ‘ಡ್ರೈವರ್’ ಅಂತ ಇರುವ ಕಡೆ ಓದಿ ಅಂದ. ಓದಿದೆವು. ಮಾಲೀಕರೂ ಸೇರಿದಂತೆ ಯಾರು ಬೇಕಾದರೂ ಓಡಿಸಬಹುದು, ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಲೈಸೆನ್ಸ್ ರದ್ದಾದವರಾಗಿರಬಾರದು ಅಂತಿತ್ತು. ಷಡ್ಡಕರು ಒಪ್ಪಿಯೇ ಕೀ ಕೊಟ್ಟಿದ್ದಾರೆ, ನಾನು ಕುಡಿದಿರಲಿಲ್ಲ, ಬರೀ ಹೋಳಿಗೆ ತಿಂದಿದ್ದೆ. ನಿಜ ಹೇಳಿದರೆ ದುಡ್ಡು ಬರುತ್ತದೆ. ಡ್ರೈವರ್ ಹೆಸರು ಸುಳ್ಳು ಬರೆದು ಸಿಕ್ಕಿಬಿದ್ದರೆ, ಆ ಸುಳ್ಳಿಗೇ ಕ್ಲೇಮ್ ತಳ್ಳಿಹಾಕಬಹುದು. ನಿಜ ಹೇಳುವುದೇ ಲಾಭ ಅನ್ನುವ ಸಂದರ್ಭ ಜೀವನದಲ್ಲಿ ಎಷ್ಟು ಸಲ ಬರುತ್ತೆ ಹೇಳಿ?

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಲಾಯರು ಅಲ್ವಾ, ಇನ್ನೊಂದು ಹೇಳಿದ. ‘ಪೆಟ್ಟು ಕಾರಿಗೆ ಬಿತ್ತಲ್ಲ, ಪುಣ್ಯ ಮಾಡಿದ್ದೆ.’ ಪಾಲಿಸಿಯಲ್ಲಿ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಅಂತ ಒಂದು ಇರುತ್ತದಲ್ಲ, ಅದು ಮಾಲೀಕರಿಗೆ ಮಾತ್ರ. ಎರವಲು ತಂದವನಿಗೆ ಅದರಲ್ಲಿ ಪಾಲಿಲ್ಲ. ನಮ್ಮ ಬಾಗಲಕೋಟೆ ಕಡೆಯದೇ ಒಂದು ಕೇಸಂತೆ. ಬೇರೆಯವರ ಬೈಕ್ ಪಡೆದು ಇಳಕಲ್‌ನಿಂದ ಗುಡೂರಿಗೆ ಹೊರಟಿದ್ದವರು. ಮುಂದೆ ಹೋಗುತ್ತಿದ್ದ ಎತ್ತಿನಗಾಡಿ ಗಕ್ಕನೆ ನಿಂತಿತು. ಬೈಕ್ ಅದಕ್ಕೆ ಗುದ್ದಿ ಅವರು ತೀರಿಕೊಂಡರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಮಾಲೀಕನಿಂದ ಗಾಡಿ ಪಡೆದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಂತ ಹಾಗೆ, ಅವನು ಹೊರಗಿನ ಮೂರನೆಯವನಲ್ಲ, ತಪ್ಪು ಯಾರದು ಅಂತ ನೋಡದೆ ಪರಿಹಾರ ಕೊಡಲು ಮೋಟಾರು ವಾಹನ ಕಾಯ್ದೆಯಲ್ಲಿ ಆಗ ಇದ್ದ 163ಎ ಕಲಮಿನಲ್ಲಿ ಅವನ ಮನೆಯವರಿಗೆ ಪರಿಹಾರ ಸಿಗುವುದಿಲ್ಲ ಅಂತ 2009ರಲ್ಲಿ ಕೋರ್ಟ್ ಹೇಳಿತು. ಫೋನ್ ಸ್ಪೀಕರಿನಲ್ಲಿತ್ತು. ನನ್ನ ಹೆಂಡತಿ ಎದ್ದು ಒಳಗೆ ಹೋಗಿ ಕುಡಿಯಲು ನೀರು ತಂದಳು. ನನಗಲ್ಲ, ಅವಳಿಗೇ.

ಮರುದಿನ ಕ್ಲೇಮ್ ಫಾರ್ಮ್. ಅದರಲ್ಲಿ ಒಂದು ಪ್ರಶ್ನೆ: ಓಡಿಸುತ್ತಿದ್ದವರಿಗೂ ಮಾಲೀಕರಿಗೂ ಏನು ಸಂಬಂಧ? ಇಂಗ್ಲಿಷಿನಲ್ಲಿ ಷಡ್ಡಕ ಅನ್ನುವುದಕ್ಕೆ ಶಬ್ದವೇ ಇಲ್ಲ ನೋಡಿ. ಎಂಥ ಬಡ ಭಾಷೆ! ಕೊನೆಗೆ ‘ಕೋ-ಬ್ರದರ್’ ಅಂತ ಬರೆದು, ಅದು ಏನೆಂದು ಫೋನಿನಲ್ಲಿ ಎರಡು ಸಲ ವಿವರಿಸಿದ್ದಾಯಿತು. ಅಪಘಾತ ಹೇಗಾಯಿತು ಅಂತ ಚಿತ್ರ ಬರೆಯಲು ಒಂದು ಚೌಕ ಬೇರೆ. ನಾನು ಬರೆದ ಟ್ರಾಕ್ಟರ್ ನೋಡಿ ಷಡ್ಡಕರು ‘ಆನೆಗೆ ಗುದ್ದಿದ್ರಾ?’ ಅಂದರು. ಹಿಂದಿನ ರಾತ್ರಿಯ ಸಭೆಯ ನಂತರ ಅವರ ಬಾಯಿಂದ ಬಂದ ಮೊದಲ ಮಾತು ಅದು. ‘ಬರ್ಲಿ’ ಅಂದವನಿಗೆ ಇಡೀ ಫಾರ್ಮಿನಲ್ಲಿ ಒಂದು ಗೆರೆ ಜಾಗ ಇರಲಿಲ್ಲ.

ಹಾನಿ ಎಷ್ಟು ಅಂತ ಅಂದಾಜು ಮಾಡುವ ವಿಮೆಯ ಸರ್ವೇಯರ್ ಗ್ಯಾರೇಜಿಗೆ ಬಂದರು. ಸಣ್ಣ ವಯಸ್ಸಿನ, ಅವಸರದ ಮನುಷ್ಯ. ಹಿಂದೆ, ಮುಂದೆ, ಮಗ್ಗುಲಿಗೆ ನಿಂತು ಫೋಟೋ ಹೊಡೆದರು. ತಪ್ಪು ಯಾರದು ಅಂತ ಕೇಳುತ್ತಾರೆ ಅಂತ ನಾನು ರಾತ್ರಿಯೆಲ್ಲ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಕುಂಕುಮ, ಕೀಂ ಕೀಂ, ಎಲೆ ಅಡಿಕೆ, ಎಲ್ಲ ಕ್ರಮವಾಗಿ. ಅವರು ಕೇಳಲೇ ಇಲ್ಲ! ಯಾರು ಓಡಿಸಿದ್ದು ಅಂತ ಕೇಳಿದರು, ಲೈಸೆನ್ಸ್ ನೋಡಿದರು. ಅದರಲ್ಲಿ ನನ್ನ ತಲೆ ತುಂಬ ಕೂದಲು. ಒಂದು ಸಲ ಕಾರ್ಡ್, ಒಂದು ಸಲ ತಲೆ ನೋಡಿ, ‘ನೀವೇನಾ?’ ಅಂದರು. ಕಾರಿಗಿಂತ ಜಾಸ್ತಿ ಸವಕಳಿ ಅಲ್ಲಿ ಕಂಡಿರಬೇಕು.

ವಿಷಯ ಇಷ್ಟೇ. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆಯನ್ನು. ಅಲ್ಲಿ ತಪ್ಪು ಯಾರದು ಅನ್ನುವುದು ಬಹಳ ಸಲ ದೊಡ್ಡ ಪ್ರಶ್ನೆ. ಷಡ್ಡಕರು ಸ್ವಂತ ಗಾಡಿಯ ಹಾನಿಗೂ ಸೇರಿಸಿ ಪೂರ್ತಿ ಪಾಲಿಸಿ ಮಾಡಿಸಿದ್ದರು. ಅದರಲ್ಲಿ ಗುದ್ದಿದವನು ಪೆದ್ದನಾಗಿದ್ದರೂ ಪರವಾಗಿಲ್ಲ, ಪೆದ್ದನ ಹತ್ತಿರ ಲೈಸೆನ್ಸ್ ಇದ್ದರಾಯಿತು. ಕಂಪನಿಯವರು ತಪ್ಪಿನ ಬಗ್ಗೆ ಒಂದು ಮಾತು ಕೇಳಲಿಲ್ಲ. ನೆಂಟರು ಬೇರೆ ಏನನ್ನೂ ಕೇಳಲಿಲ್ಲ.

ಬಿಲ್ 42,000 ಆಯಿತು. ಕಂಪನಿ ಕೊಟ್ಟಿದ್ದು 29,400. ಕಾರಿಗೆ ಐದು ವರ್ಷ ದಾಟಿದೆ, ಆದ್ದರಿಂದ ಡಿಕ್ಕಿ ಬಾಗಿಲಿನ ತಗಡಿಗೆ 40 ಪರ್ಸೆಂಟ್ ಸವಕಳಿ ಕಳೆದರು. ಬಂಪರ್, ಹಿಂದಿನ ಲೈಟು ಪ್ಲಾಸ್ಟಿಕ್, ಅದಕ್ಕೆ ವಯಸ್ಸೇ ಕೇಳುವುದಿಲ್ಲ, ಅರ್ಧಕ್ಕರ್ಧ ಕತ್ತರಿ. ಬಣ್ಣದಲ್ಲೂ ಒಂದಿಷ್ಟು. ಗಾಜಿಗೆ ಮಾತ್ರ ಪೂರ್ತಿ ಕೊಟ್ಟರು. ಇದೆಲ್ಲದರ ಮೇಲೆ, ಯಾರು ಎಷ್ಟೇ ಸಂಭಾವಿತರಾಗಿದ್ದರೂ ಕೈಯಿಂದ ಕೊಡಲೇಬೇಕಾದ 1,000 ರೂಪಾಯಿ. ಉಳಿದ 12,600 ನನ್ನದು. ಖುಷಿಯಾಗಿಯೇ ಕೊಟ್ಟೆ. ಇಷ್ಟರಲ್ಲಿ ಮುಗಿಯಿತಲ್ಲ ಅಂತ.

ಮುಗಿದಿರಲಿಲ್ಲ. ಭಾನುವಾರ ಷಡ್ಡಕರು ಒಂದು ಗೆರೆ ಹಾಳೆ ಹಿಡಿದು ಮನೆಗೆ ಬಂದರು. ತಲೆಬರಹ: ‘ಎನ್‌ಸಿಬಿ’, ಅಂದರೆ ನೋ ಕ್ಲೇಮ್ ಬೋನಸ್. ಕ್ಲೇಮ್ ಮಾಡದೆ ಇರುವವರಿಗೆ ಪ್ರೀಮಿಯಂನಲ್ಲಿ ಸಿಗುವ ಬಹುಮಾನ ಅದು. ಮೊದಲ ವರ್ಷ 20 ಪರ್ಸೆಂಟ್, ಆಮೇಲೆ 25, 35, 45, ಐದು ವರ್ಷಕ್ಕೆ 50. ಅದಕ್ಕಿಂತ ಮೇಲೆ ಮೆಟ್ಟಿಲಿಲ್ಲ. ಇವರು ಆ ತುದಿಗೆ ಹತ್ತಿ ನಿಂತಿದ್ದರು, ನನ್ನ ಹತ್ತು ಅಡಿಗೆ ಸೀದಾ ಸೊನ್ನೆಗೆ ಬಿದ್ದರು. ಹಾವು ಏಣಿ ಆಟದ 99ನೇ ಮನೆಯ ಹಾವು ನೆನಪಿಸಿಕೊಳ್ಳಿ. ಬೋನಸ್ ಪಾಲಿಸಿದಾರರದು, ಹೋಗುವುದೂ ಅವರದೇ. ಗುದ್ದಿದವನು ಯಾರು ಅಂತ ಅದು ನೋಡುವುದಿಲ್ಲ.

‘ಬೋನಸ್ ಲೆಕ್ಕಕ್ಕೆ ಬರೋ ಪ್ರೀಮಿಯಂ 9,000 ಅಂತಿಟ್ಟುಕೊಳ್ಳೋಣ’ ಅಂದರು, ಕರಿಹಲಗೆ ಎದುರು ನಿಂತ ಹಾಗೆ. ಬರುವ ವರ್ಷ ನಷ್ಟ 4,500. ಅದರ ಮುಂದಿನ ವರ್ಷ 20 ಪರ್ಸೆಂಟ್ ಸಿಗುತ್ತೆ, ಆದರೂ 2,700 ನಷ್ಟ. ಆಮೇಲೆ 2,250, 1,350, 450. ಒಟ್ಟು 11,250. ಕೆಳಗೆ ಎರಡು ಗೆರೆ ಎಳೆದಿದ್ದರು. ‘ದುಡ್ಡು ಕೇಳ್ತಿಲ್ಲ, ಸುಮ್ನೆ ತಿಳಿದಿರಲಿ ಅಂತ.’ ಆಮೇಲೆ ಕಾಫಿ ಕುಡಿಯುತ್ತಾ ಹಾಳೆಯ ಹಿಂದಿನ ಪುಟ ತಿರುಗಿಸಿದರು. ಕ್ಲೇಮಿನಿಂದ ಬಂದ 29,400ರಲ್ಲಿ ಈ ನಷ್ಟ ಕಳೆದರೂ 18,150 ಉಳಿತಾಯ, ಆದ್ದರಿಂದ ಕ್ಲೇಮ್ ಮಾಡಿದ್ದು ಸರಿ ಅಂತ ಅಲ್ಲಿತ್ತು. ಬರೀ ಬಂಪರ್ ಹೋಗಿದ್ದರೆ ಕ್ಲೇಮ್ ಮಾಡುವುದು ದಡ್ಡತನವಾಗುತ್ತಿತ್ತಂತೆ. ‘ಗುದ್ದಿದ್ದೇನೋ ಗುದ್ದಿದ್ರಿ, ಸರಿಯಾಗಿ ಗುದ್ದಿದ್ರಿ’ ಅಂದರು. ಇಪ್ಪತ್ತು ವರ್ಷದಲ್ಲಿ ಅವರು ನನಗೆ ಕೊಟ್ಟ ಮೊದಲ ಪಾಸ್ ಮಾರ್ಕು.

4,500 ಒಂದು ಲಕೋಟೆಯಲ್ಲಿ ಹಾಕಿ ಕೊಟ್ಟೆ. ಬೇಡ ಬೇಡ ಅನ್ನುತ್ತಲೇ ಎಣಿಸಿಕೊಂಡರು. ಹಾಳೆಯಲ್ಲಿ ಮೊದಲನೇ ಸಾಲಿಗೆ ಟಿಕ್ ಹಾಕಿದರು. ಇನ್ನೂ ನಾಲ್ಕು ಸಾಲು ಉಳಿದಿದೆ.

ಅದೇ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಕರೆ ಬಂತು. ಈ ಸಲ ಷಡ್ಡಕರೂ ಹೊರಟರು. ಕಾರಿನ ಮಾತು ಯಾರೂ ಎತ್ತಲಿಲ್ಲ, ಕೆಂಪು ಬಸ್ಸಿನಲ್ಲಿ ಹೋದೆವು. ಇಳಿದು ಊರೊಳಗೆ ನಡೆಯುತ್ತಿದ್ದಾಗ ಕಟ್ಟೆ ಹತ್ತಿರದ ತಿರುವಿನಾಚೆಯಿಂದ, ಎಲೆ ಅಡಿಕೆಯ ನಡುವಿನಿಂದ, ಅದೇ ದನಿ ಕೇಳಿಸಿತು. ‘ಬರ್ಲಿ... ಬರ್ಲಿ... ಬರ್ಲಿ...’

ಷಡ್ಡಕರು ನನ್ನ ತೋಳು ಹಿಡಿದು ಚರಂಡಿಯ ಆಚೆಗೆ ಎಳೆದುಕೊಂಡರು.