ಸೋಮಾರಿತನದ ಮಾತು ಬಿಡಿ, ಆ 180 ದಿನ ನೋಡಿ

ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯೋಜನೆ ಯುವನಿಧಿ ಹುಡುಗರನ್ನು ಸೋಮಾರಿ ಮಾಡಿ ಮನೆಗೆ ಭಾರವಾಗಿಸುತ್ತದೆ ಎಂಬ ಲೇಖನವೊಂದರ ಮಾತು ಒಪ್ಪುವಂಥದ್ದಲ್ಲ. ಪದವಿ ಮುಗಿದು 180 ದಿನ ಕೆಲಸವಿಲ್ಲದೆ ಕಳೆದ ಮೇಲಷ್ಟೇ ತಿಂಗಳಿಗೆ 3,000 ರೂಪಾಯಿ (ಡಿಪ್ಲೊಮಾಗೆ 1,500), ಅದೂ ಹೆಚ್ಚೆಂದರೆ ಎರಡು ವರ್ಷ. ಚಳ್ಳಕೆರೆ, ಜಗಳೂರು ಕಡೆ ಶೇಂಗಾ ಕೈಕೊಟ್ಟ ವರ್ಷ ಮನೆಗೆ ಆಸರೆ ಬೇಕಾಗುವುದು ಆ ಆರು ತಿಂಗಳಲ್ಲೇ; ಆಗ ಈ ಹಣ ಬರುವುದೇ ಇಲ್ಲ. ಇನ್ನೊಂದು ದೋಷವೂ ಇದೆ: ಅಪ್ರೆಂಟಿಸ್ ಭತ್ಯೆ ಪಡೆದರೆ ಅರ್ಹತೆಯೇ ಹೋಯಿತು. ಕಸುಬು ಕಲಿಯುವವನಿಗೇ ಕತ್ತರಿ!

ಮಂಜೂರಾಗಿಯೂ ದುಡ್ಡು ಬರದಿದ್ದರೆ ಮೊದಲು ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ, ಇನ್ನೂ ಕೆಲಸ ಸಿಕ್ಕಿಲ್ಲ ಎಂಬ ಸ್ವಯಂ ಘೋಷಣೆ ಬಾಕಿಯಿದೆಯೇ ನೋಡಿ. ಖಾತೆಗೆ ಆಧಾರ್ ಜೋಡಿಸುವುದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಸರ್ಕಾರಿ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂಬ ನೋಂದಣಿ) ಬೇರೆ. ಕೊನೆಯ ಬಾರಿ ಮ್ಯಾಪ್ ಆದ ಬ್ಯಾಂಕಿಗೇ ಹಣ ಹೋಗುತ್ತದೆ. ಮ್ಯಾಪಿಂಗ್ ಅಲ್ಲೇ ಉಳಿದಿರಬಹುದು, ಹಾಗಾಗಿ ಹಳೇ ಸ್ಕಾಲರ್‌ಶಿಪ್ ಖಾತೆಯ ಪಾಸ್‌ಬುಕ್ಕನ್ನೂ ಒಮ್ಮೆ ಎಂಟ್ರಿ ಮಾಡಿಸಿ.